ದೀಪದ ಖೋಲಿಯ ಅಳತಿ

ಬೆಟಗೇರಿ
೯ ಜೂನ್ ೨೦೨೫

ಸಕ್ರಪ್ಪಾ,

ಕಳಿಸಿದಾವನ ಹೆಸರು ನೋಡಿ ಕಾಗದ ಹರಿದು ಒಗೀಬ್ಯಾಡ. ಮೊದಲ ಓದು, ಆಮ್ಯಾಲ ಬೇಕಾದ್ರ ಹರಿ. ಕರಿಯಮ್ಮನಗುಂಡಿ ಸ್ಟೇಶನ್ನಿನ ಪೂರ್ವ ಕ್ಯಾಬಿನ್ನಿನ್ಯಾಗ ಸಿಗ್ನಲ್ಲು, ಹಳಿ ಹೊರಳಿಸೋ ಲಿವರ್ ಎಳೀತಿದ್ದ ಹುಚ್ಚೀರಪ್ಪ ನಾನು. ನಾನು ಮ್ಯಾಲ ಕಿಟಕ್ಯಾಗ, ನೀನು ಕೆಳಗ ಹಳಿ ಮ್ಯಾಲ. ಒಂಬತ್ತು ವರ್ಷ ಹಂಗ ದುಡಿದ್ವಿ, ಆಮ್ಯಾಲ ಇಪ್ಪತ್ತೆರಡು ವರ್ಷ ಒಂದು ಮಾತಾಡಿಲ್ಲ. ನಿನ್ನ ವಿಳಾಸ ಗ್ಯಾಂಗಮನ್ ಯೂಸುಫ ಕೊಟ್ಟ, ನನ್ನ ನೋಡಾಕ ಬಂದಿದ್ದ.

ಯಾಕ ನೋಡಾಕ ಬಂದಿದ್ದ ಅಂದ್ರ, ಹೋದ ನವೆಂಬರದಾಗ ಬಚ್ಚಲದಾಗ ಜಾರಿ ಬಿದ್ದು ಸೊಂಟದ ಕೆಳಗಿನ ಚಪ್ಪಿ ಎಲುಬು ಮುರಕೊಂಡೆ. ಒಳಗ ಉಕ್ಕಿನ ಸಳಿ ಹಾಕ್ಯಾರ. ಮಗ ಪರಶುರಾಮನ ಮನಿ ನೇಕಾರ ಓಣ್ಯಾಗ. ಕೆಳಗ ಮಗ್ಗ, ಮ್ಯಾಲ ನಾವು. ಪಾವಟಿಗಿ ಎಷ್ಟು ಇಕ್ಕಟ್ಟು ಅಂದ್ರ ಗಟ್ಟಿ ಇದ್ದಾವರೂ ಅಡ್ಡಡ್ಡ ಇಳೀಬೇಕು. ದವಾಖಾನಿಯಿಂದ ಬಂದ ದಿನ ನಾಲ್ಕು ಮಂದಿ ಕುರ್ಚಿ ಸಮೇತ ಎತ್ತಿ ತಂದು ಇಲ್ಲಿ ಕುಂಡ್ರಿಸಿದ್ರು. ಅವತ್ತಿಂದ ನೆಲಕ್ಕ ಕಾಲಿಟ್ಟಿಲ್ಲ. ಕಿಟಕಿ ತೆಗೆದ್ರ ಎದುರ ಮನಿ ಗ್ವಾಡಿ. ಕ್ಯಾಬಿನ್ನಿನ್ಯಾಗೂ ಹಿಂಗ ಮ್ಯಾಲ ಕುಂತಿರ್ತಿದ್ದೆ ಖರೆ, ಆದ್ರ ಅಲ್ಲಿ ಗಾಡಿ ಬರ್ತಿದ್ವು.

ತಲಿ ಕೆಡಬಾರದು ಅಂತ ಒಂದು ಉದ್ಯೋಗ ಹಚ್ಚಿಕೊಂಡೀನಿ. ನಮ್ಮ ಕ್ಯಾಬಿನ್ ಕಟ್ಟಾಕ ಹತ್ತೀನಿ, ಸಣ್ಣದು. ಒಂದು ಅಡಿಗೆ ಕಾಲು ಇಂಚಿನ ಲೆಕ್ಕ. ಗ್ವಾಡಿ ಲಗ್ನಪತ್ರದ ರಟ್ಟಿಂದು. ಲಿವರ್ ಸೈಕಲ್ ಕಡ್ಡೀದು: ಸಿಗ್ನಲ್ಲಿಂದು ಕೆಂಪು, ಪಾಯಿಂಟಿಂದು ಕರಿ, ಲಾಕಿಂದು ನೀಲಿ, ಹದಿನೇಳೂ ನಿಂತಾವು. ಕೈಪಿಡಿಗೆ ಹಳೇ ಮಗ್ಗದ ಫಣಿ ಬಿಚ್ಚಿ ಅದರ ಹಲ್ಲು ಹಚ್ಚೀನಿ. ಕಿಟಕಿ ಗ್ಲಾಸ್ ಯಾವುದು ಗೊತ್ತೇನು? ನನ್ನ ಚಪ್ಪಿ ಎಕ್ಸರೇ. ಸೊಸಿ ನಾಗರತ್ನಾ ಬ್ಲೀಚಿಂಗ್ ಪುಡಿ ನೀರಾಗ ತಿಕ್ಕಿದ್ಲು, ಎಲುಬೆಲ್ಲಾ ತೊಳಕೊಂಡು ಹೋಗಿ ಕನ್ನಡಿ ಆತು.

ಈಗ ಸಿಕ್ಕೊಂಡೀನಿ. ಒಳಗಿಂದು ಕಣ್ಣಾಗ ಕಟ್ಟಿದಂಗ ಐತಿ, ಹೊರಗಿಂದು ನೆನಪಿಲ್ಲ. ವರ್ಷಾ ಸುಣ್ಣ ಬಣ್ಣ ಬಳೀತಿದ್ದಾವ ನೀನು. ಪಾವಟಿಗಿ ಎಷ್ಟು? ಹೆಸರಿನ ಹಲಗಿ ಯಾವ ಕಡೆ? ಮತ್ತ ಆ ದೀಪದ ಖೋಲಿ, ಸಿಗ್ನಲ್ ದೀಪ ಎಣ್ಣಿ ಇಡ್ತಿದ್ವಲ್ಲ, ಅದು ಎಷ್ಟು ದೂರ, ಎಷ್ಟು ಎತ್ತರ? ನೀ ಹೋದ ಮರುವರ್ಷ ಅದನ್ನ ಕೆಡವಿದ್ರು. ಫೋನ್ ನಂಬರ್ ಇದ್ರ ಕಳಿಸು.

ಹುಚ್ಚೀರಪ್ಪ

*

ಹಮ್ಮಿಗಿ
೨೧ ಜೂನ್ ೨೦೨೫

ಹುಚ್ಚೀರಣ್ಣಾರ,

ಕಾಗದ ಮುಟ್ಟೈತಿ. ಸಕ್ಕರಿ ಬ್ಯಾನಿಯಿಂದ ನನ್ನ ಕಣ್ಣು ಎರಡೂ ಹೋಗ್ಯಾವ, ಮೂರು ವರ್ಷಾತು. ಮಗಳು ದುರ್ಗಾ ಓದಿ ಹೇಳ್ತಾಳ, ನಾ ಹೇಳಿದ್ದು ಬರೀತಾಳ. ಮನ್ಯಾಗ ನಾವಿಬ್ರ. ದುರ್ಗಾನ ಅವ್ವ ಹನಮಂತವ್ವ ತೀರಿಕೊಂಡು ಆರು ವರ್ಷ ಆತು.

ಪಾವಟಿಗಿ ಹತ್ತೊಂಬತ್ತು. ಹತ್ತನೇದು ಸೀಳಿತ್ತು. ಹಲಗಿ ಎರಡೂ ತುದಿಗೆ ಇತ್ತು, ಬಿಳಿ ಮ್ಯಾಲ ಕರಿ ಅಕ್ಷರ. ಉಸುಕಿನ ಬಕೀಟು ನಾಲ್ಕು, ಪಾವಟಿಗಿ ಬಗಲಿಗೆ. ಹಂಚು ಮಂಗಳೂರು ಹಂಚು, ಬಾಗಲಾ ಹಸಿರು.

ಫೋನ್ ಬ್ಯಾಡ್ರಿ. ಕಾಗದ ಆದ್ರ ವಿಚಾರ ಮಾಡಿ ಹೇಳಾಕ ಬರ್ತೈತಿ.

ಸಕ್ರಪ್ಪನ ಪರವಾಗಿ, ದುರ್ಗಾ

*

ಬೆಟಗೇರಿ
೩೦ ಜೂನ್ ೨೦೨೫

ಸಕ್ರಪ್ಪಾ,

ಹನಮಂತವ್ವ ಹೋದದ್ದು ಗೊತ್ತಿರಲಿಲ್ಲಪಾ. ನನಗ ಎಷ್ಟು ಸಲ ಬುತ್ತಿ ಕಟ್ಟಿ ಕಳಿಸಿದ್ಲು. ನಿನ್ನ ಕಣ್ಣಿನ ಸುದ್ದಿ ಸೊಸಿಗೂ ಓದಿ ಹೇಳಿದೆ. ಒಬ್ಬಾವ ಇಳಿಯಂಗಿಲ್ಲ, ಒಬ್ಬಾವ ಕಾಣಂಗಿಲ್ಲ, ಚಲೋ ಜೋಡಿ ಆದ್ವಿ.

ಪಾವಟಿಗಿ ಹಚ್ಚೀನಿ, ಹತ್ತನೇದರ ಮ್ಯಾಲ ಬ್ಲೇಡಿಲೆ ಸೀಳೂ ಎಳದೀನಿ. ಬಕೀಟು ಮಾಡಾಕ ಗುಳಗಿ ಚೀಟಿ ಬೆಳ್ಳಿ ಹಾಳಿ ಸುತ್ತಿ ಕೆಂಪು ಹಚ್ಚಿದೆ. ಹಂಚು ಮಾತ್ರ ಜೀವಾ ತಿಂತು. ಒಂದೊಂದು ಅಕ್ಕಿಕಾಳಿನಷ್ಟು, ಎಂಟು ನೂರು ಕತ್ತರಿಸೀನಿ. ನಾಗರತ್ನಾ ಕಸ ಹೊಡೆಯುವಾಗ ನಲವತ್ತು ಹೊರಗ ಹೋದ್ವು, ಒಂದು ದಿನ ಆಕಿ ಸಂಗಾಟ ಮಾತು ಬಿಟ್ಟಿದ್ದೆ.

ದೀಪದ ಖೋಲಿ ವಿಚಾರ ನೀ ಬರೀಲಿಲ್ಲ. ಮರೆತೆ ಅಂತ ತಿಳೀಲೋ, ಸಿಟ್ಟು ಅಂತ ತಿಳೀಲೋ? ಸಿಟ್ಟಿದ್ರ ಬಾಯಿಬಿಟ್ಟು ಮಾತಾಡೋಣ. ಅವತ್ತ ಹಳಿ ಕವಲೊಡೆಯೋ ಪಾಯಿಂಟಿನ ರಾಡು ರಿಪೇರಿಗೆ ಬಿಚ್ಚಿದ್ರು, ಕೈಲೆ ಹೊರಳಿಸಿ ಹಳಿ ಸರೀದಂಗ ಕ್ಲ್ಯಾಂಪು ಹಾಕಿ ಕೀಲಿ ಜಡಿಯೋದು ನಿನ್ನ ಕೆಲಸ ಇತ್ತು. ಕ್ಲ್ಯಾಂಪು ಇರಲಿಲ್ಲ, ಮಾಲಗಾಡಿ ಬಂದಾಗ ಹಳಿ ಸರೀತು, ಎರಡು ಡಬ್ಬಿ ನೆಲಕ್ಕ ಬಿದ್ವು. ಪುಣ್ಯಾಕ ಯಾರೂ ಸಾಯಲಿಲ್ಲ. ಚೌಕಶಿಯಾಗ ನನ್ನ ಕೇಳಿದ್ರು. ನೀ ಕ್ಲ್ಯಾಂಪು ಹಾಕದ ಹೊಳ್ಳಿ ಬಂದದ್ದು ಕಿಟಕ್ಯಾಗಿಂದ ಕಂಡೆ ಅಂದೆ. ನೋಡಿದ್ದು ನೋಡಿದಂಗ ಹೇಳೀನಿ, ಸಕ್ರಪ್ಪಾ. ನಿನ್ನ ನೌಕರಿ ಹೋದದ್ದಕ್ಕ ಖುಷಿ ಪಟ್ಟಾವ ಅಲ್ಲ ನಾನು. ತಪ್ಪು ಯಾರಿಗಿಲ್ಲ? ನಾ ಅದನ್ನ ಎಂದೋ ಮರೆತೀನಿ, ನೀನೂ ಮರಿ.

ಖೋಲಿ ಅಳತಿ ಕಳಿಸು. ಹಲಗಿ ಮ್ಯಾಲ ಹಳಿ, ಪಾಯಿಂಟು ಎಲ್ಲಾ ಹಚ್ಚೀನಿ. ಆ ಒಂದು ಜಾಗ ಬೋಳಾಗಿ ಉಳದೈತಿ.

ಹುಚ್ಚೀರಪ್ಪ

*

ಹಮ್ಮಿಗಿ
೨೨ ಜುಲೈ ೨೦೨೫

ಹುಚ್ಚೀರಣ್ಣಾರ,

ದೀಪದ ಖೋಲಿ ಕ್ಯಾಬಿನ್ನಿಂದ ಅರವತ್ತು ಅಡಿ, ಪಾಯಿಂಟಿಗೆ ಹೋಗೋ ದಾರ‍್ಯಾಗ. ಎತ್ತರ ಹತ್ತು ಅಡಿ. ಅಗಲ ಎಂಟು, ಉದ್ದ ಹನ್ನೆರಡು. ಬಾಗಲಾ ಪಾಯಿಂಟಿನ ಕಡೆ. ಕ್ಯಾಬಿನ್ನಿನ ಕಡೆ ಬರೀ ಗ್ವಾಡಿ.

ಇದರ ಮ್ಯಾಲ ನನ್ನ ಏನೂ ಕೇಳಬ್ಯಾಡ್ರಿ.

ಸಕ್ರಪ್ಪನ ಪರವಾಗಿ, ದುರ್ಗಾ

ಹುಚ್ಚೀರಪ್ಪನವರ, ಇದು ನನ್ನ ಮಾತು, ಅಪ್ಪಗ ಓದಿ ಹೇಳಿಲ್ಲ. ಈ ನಾಲ್ಕು ಸಾಲು ಹೇಳಾಕ ಅಪ್ಪ ಹದಿನೈದು ದಿನ ತಗೊಂಡಾನ. ನಾಳೆ, ನಾಳೆ ಅಂತ ಮುಂದ ಹಾಕ್ಕೋತ ಬಂದ. ನೀವು ಮರೆತೀನಿ ಅಂದ್ರಿ. ನಮಗ ಮರೆಯಾಕ ಊರ ಮಂದಿ ಬಿಡಬೇಕಲ್ಲ. ನಮ್ಮಪ್ಪನ ಹೆಸರು ಇವತ್ತಿಗೂ ಇಲ್ಲಿ ಗಾಡಿ ಕೆಡವಿದ ಸಕ್ರಪ್ಪ. ಸಾಲ್ಯಾಗ ನನ್ನ ಗಾಡಿ ಕೆಡವಿದಾವನ ಮಗಳು ಅಂತಿದ್ರು. ಅಪ್ಪ ಕ್ಲ್ಯಾಂಪು ಹಾಕಿದ್ದ, ಯಾರೋ ಕದ್ದಾರ, ನೀವು ಸುಳ್ಳು ಸಾಕ್ಷಿ ಹೇಳೀರಿ. ಅವ್ವ ಸಾಯೋ ಹೊತ್ತಿನ್ಯಾಗೂ ಅದನ್ನ ಹೇಳಿದ್ಲು. ನಾನು ಮುಂಡರಗ್ಯಾಗ ವಕೀಲರ ಕಡೆ ಟೈಪಿಂಗ್ ಕೆಲಸಕ್ಕ ಸೇರಿದ್ದೂ ಇದರ ಸಲುವಾಗೆ. ನೀವು ಆಟಿಗೆ ಮಾಡಿಕೋತ ಕುಂಡರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮರಿ ಅಂತ ಮತ್ತ ಬರೀಬ್ಯಾಡ್ರಿ.

*

ಬೆಟಗೇರಿ
೨ ಸೆಪ್ಟೆಂಬರ್ ೨೦೨೫

ಸಕ್ರಪ್ಪಾ, ಮತ್ತ ದುರ್ಗವ್ವಾ,

ಆರು ವಾರ ಆತು. ನಿಮ್ಮ ಕಾಗದ ಬಂದ ಎರಡನೇ ದಿನಕ್ಕ ಖೋಲಿ ಕಟ್ಟಿ ಮುಗಿಸಿದೆ. ಎರಡೂವರಿ ಇಂಚು ಎತ್ತರ, ಕ್ಯಾಬಿನ್ನಿಂದ ಹದಿನೈದು ಇಂಚು. ಅಂಟು ಹಚ್ಚೋ ಮೊದಲ ಹೆಂಗ ಕಾಣತೈತಿ ನೋಡೋಣ ಅಂತ ಬಗ್ಗಿ ಕಿಟಕ್ಯಾಗ ಕಣ್ಣಿಟ್ಟೆ. ಪಾಯಿಂಟು ಕಾಣಲಿಲ್ಲ.

ಅಳತಿ ತಪ್ಪೈತಿ ಅಂದ್ಕೊಂಡೆ. ಸಕ್ರಪ್ಪ ಸಿಟ್ಟಿಗೆ ಸುಳ್ಳು ಅಳತಿ ಕೊಟ್ಟಾನ ಅಂತ ನಿನಗ ಬೈದೆ. ಮಣ್ಣಿಂದು ಒಂದು ಗೊಂಬಿ ಮಾಡಿ, ಸ್ಟೂಲ್ ಮ್ಯಾಲ ಕುಂಡ್ರಿಸಿ, ಅದರ ಕಣ್ಣಿಗೆ ಮಗ್ಗದ ನೂಲು ಕಟ್ಟಿ ಪಾಯಿಂಟಿನತನಕ ಎಳದೆ. ನೂಲು ಹೋಗಿ ದೀಪದ ಖೋಲಿ ಹಂಚಿಗೆ ಹತ್ತಿತು. ಗೊಂಬಿ ಎಬ್ಬಿಸಿ ನಿಂದರಿಸಿದೆ, ಆಗೂ ಹತ್ತಿತು. ಈ ಕಿಟಕಿ, ಆ ಕಿಟಕಿ, ಎಲ್ಲಾ ಕಿಟಕ್ಯಾಗೂ ಹತ್ತಿತು. ಖೋಲಿ ಒಂದು ಅಡಿ ಗಿಡ್ಡ ಮಾಡಿ ನೋಡಿದೆ, ಆದ್ರೂ ಹತ್ತಿತು. ನಾಗರತ್ನಾ ಚಾ ತಂದಾಕಿ, ಮಾವಾರ ಯಾಕ ಬೆವತೀರಿ ಅಂದ್ಲು.

ಸಕ್ರಪ್ಪಾ, ನಾನು ಏನೂ ನೋಡಿಲ್ಲ. ನೋಡಾಕ ಬರಂಗನ ಇರಲಿಲ್ಲ. ನೀ ಹೋದ ಮರುವರ್ಷ ಖೋಲಿ ಕೆಡವಿದ್ರು. ಆಮ್ಯಾಲ ನಾನು ಹನ್ನೊಂದು ವರ್ಷ ಅದ ಸ್ಟೂಲ್ ಮ್ಯಾಲ ಕುಂತು ದಿನಾ ಆ ಪಾಯಿಂಟು ಕಣ್ತುಂಬ ನೋಡೀನಿ. ನೋಡಿ ನೋಡಿ ಅವತ್ತೂ ನೋಡಿದ್ದೆ ಅಂತ ಮನಸಿನ್ಯಾಗ ಕುಂತುಬಿಟ್ಟಿತ್ತು. ದೇವರಾಣಿ, ನೀ ಹೊಳ್ಳಿ ಬರೋದು ನನಗ ಕಾಣತಿತ್ತು, ನಿನ್ನ ಅಂಗಿ ಬಣ್ಣ ಸಹಿತ ಕಾಣತಿತ್ತು.

ಚೌಕಶ್ಯಾಗ ಯಾಕ ಹೇಳಿದೆ ಅನ್ನೋದೂ ಹೇಳಿಬಿಡ್ತೀನಿ. ದುರ್ಗವ್ವಾ, ಕೇಳು. ಕೀಲಿ ಜಡಿದ ಮ್ಯಾಲ ಕೀಲಿಕೈ ತಂದು ನನ್ನ ಕೈಯಾಗ ಕೊಡಬೇಕು, ಆಮ್ಯಾಲನ ಗಾಡಿ ಬಿಡಬೇಕು, ಅದು ಕಾಯ್ದೆ. ನಿಮ್ಮಪ್ಪಗ ಒಮ್ಮೆ ಜ್ವರ ಬಂದಿತ್ತು. ಹತ್ತೊಂಬತ್ತು ಪಾವಟಿಗಿ ಹತ್ತಬ್ಯಾಡಲೇ, ಕೆಳಗ ನಿಂತು ಕೀಲಿಕೈ ಎತ್ತಿ ತೋರಿಸು ಸಾಕು ಅಂದೆ. ಜ್ವರ ಹೋತು, ಆ ಚಟ ಕಡೀತನಕ ಉಳೀತು. ಅವತ್ತೂ ಆತ ಕೆಳಗ ನಿಂತು ಎತ್ತಿ ತೋರಿಸಿದ, ನಾನು ಸಿಗ್ನಲ್ ಕೊಟ್ಟು ಗಾಡಿ ಒಳಗ ಕರಕೊಂಡೆ. ಇದು ಬಾಯಿಗೆ ಬಂದ್ರ ನನ್ನ ನೌಕರಿಯೂ ಹೋಗ್ತಿತ್ತು. ಸಾಹೇಬರು ನೀ ಏನು ನೋಡಿದಿ ಅಂತ ಕೇಳಿದ್ರು, ಕೀಲಿಕೈ ಮಾತು ಬರಬಾರದು ಅಂತ ಪಾಯಿಂಟು ನೋಡೀನಿ ಅಂದೆ. ಒಬ್ಬರೂ ಕ್ಯಾಬಿನ್ ಹತ್ತಿ ಕಣ್ಣಿಟ್ಟು ನೋಡಲಿಲ್ಲ.

ಕ್ಷಮಾ ಮಾಡು ಅನ್ನಾಕ ಬಾಯಿ ಬರವಲ್ತು. ಏನು ಮಾಡಬೇಕು ಹೇಳ್ರಿ, ಮಾಡ್ತೀನಿ.

ಹುಚ್ಚೀರಪ್ಪ

*

ಹಮ್ಮಿಗಿ
೮ ಸೆಪ್ಟೆಂಬರ್ ೨೦೨೫

ದೊಡ್ಡಪ್ಪಾರ,

ಇದು ದುರ್ಗಾನ ಕಾಗದ. ಕಟ್ಟಿ ಮ್ಯಾಲ ಕುಂತು ನಿಮ್ಮ ಕಾಗದ ಅಪ್ಪಗ ಓದಿದೆ. ಅರ್ಧಕ್ಕ ಬಂದಾಗ ನನಗ ಅಳು ತಡೀಲಿಲ್ಲ. ಎದುರ ಮನಿ ಕಸ್ತೂರೆವ್ವ ಏನಾತಬೇ ಅಂತ ಓಡಿ ಬಂದ್ಲು, ಆಕಿ ಮುಂದ ಮತ್ತೊಮ್ಮೆ ಮೊದಲಿಂದ ಓದಿದೆ. ಸಂಜೀಕ ಊರಿಗೆಲ್ಲಾ ಗೊತ್ತಾತು.

ಅಪ್ಪ ಎದ್ದು ಗ್ವಾಡಿ ಹಿಡಕೊಂಡು ಒಳಗ ಹೋದ. ಎರಡು ದಿನ ಅನ್ನ ನೀರು ಸೇರವಲ್ತು ಆತಗ. ಇಷ್ಟು ವರ್ಷ ಹೊತ್ತದ್ದು ಇಳೀತಲ್ಲ, ಅದಕ್ಕ ಹಂಗ ಆಗೈತಿ ಅಂತ ಕಸ್ತೂರೆವ್ವ ಅಂದ್ಲು. ನನಗೂ ಹಂಗ ಅನಸ್ತು.

ಕಾಗದ ನಮ್ಮ ವಕೀಲರಿಗೆ ಕೊಟ್ಟೀನಿ. ನೌಕರಿ ಹೊಳ್ಳಿ ಬರಂಗಿಲ್ಲ, ಆದ್ರ ಹೆಸರು ತೊಳೀಬಹುದು ಅಂದ್ರು. ನೀವು ಗದಗಿಗೆ ಬಂದು ನೋಟರಿ ಮುಂದ ಪ್ರಮಾಣ ಮಾಡಿ ಸಹಿ ಹಾಕಬೇಕು. ನೀವು ಕಟ್ಟಿದ ಕ್ಯಾಬಿನ್ನೂ ತರಬೇಕು, ಆ ನೂಲು ಹಂಗ ಇರಲಿ. ನಿಮಗ ಮೊದಲ ಕಟುವಾಗಿ ಬರದಿದ್ದೆ. ನೀವು ಬರದದ್ದು ಸಣ್ಣ ಕೆಲಸ ಅಲ್ಲ, ದೊಡ್ಡಪ್ಪಾರ. ಅವ್ವ ಇರಬೇಕಿತ್ತು.

ದುರ್ಗಾ

*

ಬೆಟಗೇರಿ
೧೫ ಸೆಪ್ಟೆಂಬರ್ ೨೦೨೫

ದುರ್ಗವ್ವಾ,

ಬರ್ತೀನಿ. ಅಕ್ಟೋಬರ್ ಆರನೇ ತಾರೀಖು ಅಂತ ಮಗನ ಕಡೆ ನೋಟರಿಗೆ ಹೇಳಿಸೀನಿ. ಅಪ್ಪಾ ಈ ವಯಸ್ಸಿನ್ಯಾಗ ಮಾನ ಕಳಕೊಳ್ಳಾಕ ಕುಂತೀಯೇನು ಅಂದ ಪರಶುರಾಮ. ಜಗಳ ಆತು. ನಾಗರತ್ನಾನ ನನ್ನ ಪರ ನಿಂತಳು. ಕುರ್ಚಿ ಎತ್ತಾಕ ಮಗ್ಗದ ಮಂದಿ ನಾಲ್ಕು ಜನರಿಗೆ ಹೇಳ್ಯಾಳ. ಇಳಿಯುವಾಗ ಕೈ ಜಾರಿದ್ರ ಅನ್ನೋ ಅಂಜಿಕಿ ಐತಿ. ಆದ್ರ ಹತ್ತು ತಿಂಗಳಿಂದ ಇಳಿಯಾಕ ಒಂದು ನೆವ ಇರಲಿಲ್ಲ, ಈಗ ಐತಿ.

ಇದನ್ನ ಅಪ್ಪಗ ಓದಿ ಹೇಳು. ಸಕ್ರಪ್ಪಾ, ಒಂದು ತಿಳೀವಲ್ತು ನನಗ. ದೀಪದ ಖೋಲಿ ಅಡ್ಡ ಐತಿ, ಈ ಮನುಷ್ಯಾಗ ಪಾಯಿಂಟು ಕಾಣಂಗಿಲ್ಲ ಅಂತ ನಿನಗ ಗೊತ್ತಿತ್ತು. ದಿನಾ ಅದರ ಮುಂದ ನಡೀತಿದ್ದಿ. ಆ ಒಂದು ಮಾತು ಅಂದಿದ್ರ ನನ್ನ ಸಾಕ್ಷಿ ಅಲ್ಲೇ ಮುರೀತಿತ್ತು. ಯಾಕ ಅನ್ನಲಿಲ್ಲ? ಕುಂತು ಕುಂತು ಒಂದ ಉತ್ತರ ಸಿಕ್ಕೈತಿ. ಕೀಲಿಕೈ ಸುದ್ದಿ ಹೊರಗ ಬಂದ್ರ ಹುಚ್ಚೀರಣ್ಣನ ನೌಕರಿ ಹೋಗ್ತೈತಿ, ಆತಗ ಮೂರು ಮಕ್ಕಳು ಅಂತ ಸುಮ್ಮನಿದ್ದಿ. ನನ್ನ ಉಳಿಸಾಕ ನೀ ಮುಳುಗಿದಿ. ಇದನ್ನೂ ನೋಟರಿ ಮುಂದ ಹೇಳಾಂವ ನಾನು.

ಕಾಗದಕ್ಕ ಚುಚ್ಚೋ ಟಾಚಣಿ ಬಗ್ಗಿಸಿ ಸಣ್ಣ ಕ್ಲ್ಯಾಂಪು ಮಾಡಿ ಪಾಯಿಂಟಿಗೆ ಹಾಕೀನಿ, ನೀ ಅವತ್ತ ಹಾಕಿದಂಗ.

ಹುಚ್ಚೀರಪ್ಪ

*

ಹಮ್ಮಿಗಿ
೨೬ ಸೆಪ್ಟೆಂಬರ್ ೨೦೨೫

ಹುಚ್ಚೀರಣ್ಣಾರ,

ಇದನ್ನ ದುರ್ಗಾನ ಬರಿಯಾಕ ಹತ್ಯಾಳ. ಅಂಗಡಿ ವೀರು ಕಡೆ ಬರೆಸಬೇಕು ಅಂತ ಮೊದಲ ಮಾಡಿದ್ದೆ. ಆದ್ರ ಅವನ ಮುಂದ ಹೇಳಿ, ಆಕಿಗೆ ಹಿಂದಿಂದ ಊರ ಬಾಯಿಲೆ ತಿಳಿಯೋದು ಬ್ಯಾಡ ಅನಸ್ತು. ಕಣ್ಣಿದ್ದಾಗ ಆಕಿ ಮಾರಿ ನೋಡಿಕೋತ ಹೇಳಾಕ ಆಗಲಿಲ್ಲ. ಈಗ ಮಾರಿ ಕಾಣಂಗಿಲ್ಲ, ಅದಕ್ಕ ಹೇಳ್ತೀನಿ.

ನಾನು ಕ್ಲ್ಯಾಂಪು ಹಾಕಿರಲಿಲ್ಲ.

ದುರ್ಗಾ, ಬರಿ. ಪೆನ್ನು ಇಡಬ್ಯಾಡ. ನಾ ಹೇಳಿದ್ದು ಹೇಳಿದಂಗ ಬರಿ.

ಕ್ಲ್ಯಾಂಪು ಅವತ್ತ ನನ್ನ ಮನ್ಯಾಗ ಇತ್ತು. ಹನಮಂತವ್ವ ಚೊಚ್ಚಲ ಬಾಣಂತನಕ್ಕ ತವರಿಗೆ ಹೋಗಿದ್ಲು. ಆಕಿ ಬರೋದ್ರಾಗ ತೊಟ್ಟಿಲು ಮಾಡಿ ಇಡಬೇಕು ಅಂತ ಆಸೆ. ಕಟಗಿ ಕೂಡಿಸಿ ಅಂಟು ಹಚ್ಚಿದೆ, ಒಣಗೋತನಕ ಹಿಡಿಯಾಕ ಏನೂ ಇರಲಿಲ್ಲ. ರೇಲ್ವೆ ಕ್ಲ್ಯಾಂಪು ಅದಕ್ಕ ಹೇಳಿ ಮಾಡಿಸಿದಂಗ ಇತ್ತು. ಹಿಂದಿನ ದಿನ ಡ್ಯೂಟಿ ಮುಗಿಸಿ ಹೋಗುವಾಗ ಚೀಲದಾಗ ಹಾಕ್ಕೊಂಡು ಹೋಗಿ ತೊಟ್ಟಿಲ ಕಾಲಿಗೆ ಬಿಗಿದೆ. ಮುಂಜಾನೆ ತರೋದು ಮರೆತೆ. ಪಾಯಿಂಟಿಗೆ ಹೋಗಿ ನಿಂತಾಗ ನೆನಪಾತು. ಗಾಡಿ ಹೊರಗಿನ ಸಿಗ್ನಲ್ಲಿಗೆ ಬಂದು ಸೀಟಿ ಹೊಡಿಯಾಕ ಹತ್ತಿತ್ತು. ಹೊರಳೋ ಹಳಿ ನಾಲಗಿ ಸರೀಬಾರದು ಅಂತ ಒಂದು ಕಲ್ಲು ಒತ್ತಿ ಇಟ್ಟೆ. ಬಂದು ಕೆಳಗ ನಿಂತು ಕೀಲಿಕೈ ಎತ್ತಿ ತೋರಿಸಿದೆ. ಜಡಿಯೋ ಕೀಲಿ ಚೀಲದಾಗ ಹಂಗ ಇತ್ತು.

ದೀಪದ ಖೋಲಿ ಮಾತು ಯಾಕ ಎತ್ತಲಿಲ್ಲ ಅಂದ್ರಿ. ನಿಮ್ಮನ್ನ ಉಳಿಸಾಕ ಅಲ್ಲ. ಆ ಮಾತು ಎತ್ತಿದ್ರ ಹಂಗಾದ್ರ ಕ್ಲ್ಯಾಂಪು ಎಲ್ಲಿ ಹೋತು ಅಂತ ಹುಡುಕತಿದ್ರು, ಮನಿಗೆ ಬರ್ತಿದ್ರು. ನೌಕರಿ ಹೋದ್ರೂ ಕಳ್ಳ ಅನಿಸ್ಕೋಬಾರದು ಅಂತ ಸುಮ್ಮನಿದ್ದೆ. ಮೂರನೇ ದಿನ ಕ್ಲ್ಯಾಂಪು ಹೊಳಿಗೆ ಒಗದೆ.

ಹನಮಂತವ್ವಗ ನಾನು ಹೇಳಿದ್ದು ಒಂದ ಮಾತು, ಹುಚ್ಚೀರಣ್ಣ ನೋಡದ ನೋಡೀನಿ ಅಂದ ಅಂತ. ಅದು ಖರೇನ ಇತ್ತು. ಉಳಿದದ್ದೆಲ್ಲಾ ಆಕಿನ ಕಟ್ಟಿಕೊಂಡ್ಲು, ಕಟ್ಟಿಕೊಂಡದ್ದನ್ನ ಮಗಳಿಗೆ ಕೊಟ್ಟಳು. ನಾನು ಬ್ಯಾಡ ಅನಲಿಲ್ಲ. ಕೂಸು ಬಂದು ನನ್ನ ಪರ ಜಗಳಾಡೀನಿ ಅಂದ್ರ ತಲಿ ಸವರತಿದ್ದೆ. ಆ ಕೈ ಕಡೀಬೇಕಿತ್ತು.

ನೀವು ಅಳತಿ ಕೇಳಿದಾಗ ಇದು ಇಲ್ಲಿಗೆ ಬರ್ತೈತಿ ಅಂತ ನನಗ ಗೊತ್ತಿತ್ತು. ಸುಳ್ಳು ಅಳತಿ ಕೊಡಬಹುದಿತ್ತು. ಹದಿನೈದು ದಿನ ಅದನ್ನ ವಿಚಾರ ಮಾಡಿ ಖರೆ ಅಳತಿ ಕೊಟ್ಟೆ. ಯಾರಾದ್ರೂ ಬಾಗಲಾ ತೆಗೀಲಿ ಅಂತ ಇತ್ತೇನೋ. ನೀವು ತೆಗೆದ್ರಿ, ಆದ್ರ ನನ್ನ ತಪ್ಪಿಲ್ಲ ಅಂತ ತಿಳಕೊಂಡ್ರಿ. ಅದನ್ನ ಹೊರಾಕ ನನ್ನ ಕೈಲಿ ಆಗಂಗಿಲ್ಲ.

ನೋಟರಿ ಕಡೆ ಹೋಗಬ್ಯಾಡ್ರಿ. ಪಾಯಿಂಟಿಗೆ ಹಾಕಿದ ಟಾಚಣಿ ತೆಗೀರಿ. ಅವತ್ತ ಅದು ಬೋಳಾಗೆ ಇತ್ತು.

ಇಷ್ಟ ನನ್ನ ಮಾತು.

ದೊಡ್ಡಪ್ಪಾರ, ಅಪ್ಪ ಹೇಳಿದ್ದು ಹೇಳಿದಂಗ ಬರೆದೀನಿ, ಒಂದು ಮಾತೂ ಬಿಟ್ಟಿಲ್ಲ. ನಡುವ ಮೂರು ಸಲ ಎದ್ದು ಹೊಳಿ ದಂಡಿತನಕ ಹೋಗಿ ಬಂದೆ. ಬಂದಾಗ ಪ್ರತಿ ಸಲ ಆತ ನಾ ಬಿಟ್ಟ ಮಾತಿಂದನ ಶುರು ಮಾಡಿದ. ವಕೀಲರ ಕಡೆ ಇರೋ ನಿಮ್ಮ ಕಾಗದ ನಾಳೆ ಇಸಕೊಂಡು ಬರ್ತೀನಿ. ಕಸ್ತೂರೆವ್ವಗ ಏನು ಹೇಳಲಿ, ಊರಿಗೆ ಏನು ಹೇಳಲಿ ನನಗ ಗೊತ್ತಿಲ್ಲ. ನಾನು ಮಲಗಿದ್ದ ತೊಟ್ಟಿಲು ಅದು.

ಇಷ್ಟು ದಿನ ಆತನ ಪರವಾಗಿ ನಾನ ಸಹಿ ಹಾಕತಿದ್ದೆ. ಇವತ್ತ ಹಾಕಂಗಿಲ್ಲ ಅಂದೆ. ಜಾಗ ಎಲ್ಲಿ ತೋರಿಸು ಅಂದ. ಆತನ ಕೈ ಹಿಡಿಯಾಕ ಮನಸ ಬರಲಿಲ್ಲ. ಆತ ಬೆರಳಿಲೆ ಹಾಳಿ ಮ್ಯಾಲ ಹುಡುಕಾಕ ಹತ್ತಿದ. ಕಡೀಕ ಹಿಡಿದು ಇಟ್ಟೀನಿ. ಕೆಳಗಿನ ಸಹಿ ಆತಂದ.

ಸಕ್ರಪ್ಪ